ಬೇಸಿಗೆಯಲ್ಲಿ ಬೈಕ್ ಟೈರಿನ ಗಾಳಿ ಕಡಿಮೆ ಮಾಡಿಸಬೇಕೇ?

"ಬಿಸಿಲಿಗೆ ಟೈರ್ ಸಿಡಿಯುತ್ತದೆ, ಗಾಳಿ ಕಡಿಮೆ ಮಾಡಿಸಿ." ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇದು ನಿಜ ಅನ್ನಿಸುವುದು ಸಹಜ. ಆದರೆ ಇದು ತಪ್ಪು, ಅಪಾಯಕಾರಿ ಕೂಡ.

ಬಿಸಿಗೆ ಗಾಳಿಯ ಒತ್ತಡ ಏರುವುದು ನಿಜ. ಎಷ್ಟು? ಬೆಳಿಗ್ಗೆ 25 ಡಿಗ್ರಿಯಲ್ಲಿ 33 ಪಿಎಸ್‌ಐ ಇದ್ದ ಟೈರ್, 45 ಡಿಗ್ರಿಗೆ ಕಾದಾಗ ಸುಮಾರು 36 ತೋರಿಸುತ್ತದೆ. ಓಡುವಾಗ ಇನ್ನಷ್ಟು ಏರಬಹುದು. ಈ ಏರಿಕೆಯನ್ನು ಲೆಕ್ಕ ಹಾಕಿಯೇ ಕಂಪನಿ ಅಳತೆ ಕೊಟ್ಟಿರುತ್ತದೆ.

ಗಾಳಿ ಕಡಿಮೆಯಿದ್ದರೆ ಟೈರಿನ ಬದಿ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ. ತಂತಿಯನ್ನು ಪದೇಪದೇ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ? ಹಾಗೆಯೇ ರಬ್ಬರ್ ಒಳಗಿನಿಂದ ಕಾಯುತ್ತದೆ. ಕೊನೆಗೆ ಸಿಡಿಯಲೂಬಹುದು.

ಸ್ಪೋರ್ಟ್ ಟೂರಿಂಗ್ ಬೈಕಿಗೆ ಎರಡೂ ಬದಿ ಲಗೇಜ್ ಬಾಕ್ಸ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮಧ್ಯಾಹ್ನ ಮಾನ್ವಿಗೋ ದೇವದುರ್ಗಕ್ಕೋ ವೇಗವಾಗಿ ಹೊರಟರೆ ಈ ಅಪಾಯ ಇನ್ನೂ ಹೆಚ್ಚು.

ಹಾಗಾದರೆ ಏನು ಮಾಡಬೇಕು?

- ಹೊರಡುವ ಮೊದಲು, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿಸಿ.
- ಬೈಕಿನ ಮೇಲಿನ ಸ್ಟಿಕ್ಕರ್ ಅಥವಾ ಮ್ಯಾನ್ಯುವಲ್‌ನಲ್ಲಿರುವ ಅಳತೆಯನ್ನೇ ಪಾಲಿಸಿ. ಇಬ್ಬರು ಕೂತಾಗ ಬೇರೆ ಅಳತೆ ಇರಬಹುದು, ಗಮನಿಸಿ.
- ದಾರಿಯಲ್ಲಿ ಬಿಸಿ ಟೈರಿನಿಂದ ಗಾಳಿ ಬಿಡಬೇಡಿ.

ಆ ಸಂದೇಶ ಮತ್ತೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ತಿಳಿಸಿ.