ಬಂದರಿನಲ್ಲಿ ನಿಂತ ಬಟ್ಟೆ

ಅಂಗಡಿಯಲ್ಲಿ ಒಂದು ಅಂಗಿಯನ್ನು ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಅದು ಯಾವ ದೇಶದಲ್ಲಿ ಹೊಲಿದದ್ದು, ಯಾವ ಕಟ್ಟಳೆಯನ್ನು ದಾಟಿ ಬಂದದ್ದು ಎಂದು ವಿಚಾರಿಸುವವರು ವಿರಳ. ಆ ವಿಚಾರಣೆಯನ್ನು ನಮ್ಮ ಪರವಾಗಿ ಪತ್ರಿಕೆಯವರು ಮಾಡುತ್ತಾರೆ. ಸಮಾಧಾನ ಹೇಳುವ ಹೊಣೆ ಸರ್ಕಾರದ್ದು. ಈ ಹೊಣೆ ಎಷ್ಟು ಕಠಿಣವಾದುದೆಂಬುದಕ್ಕೆ 2005ರಲ್ಲಿ ಯೂರೋಪಿನಲ್ಲಿ ನಡೆದ ಪ್ರಸಂಗವೊಂದು ಒಳ್ಳೆಯ ನಿದರ್ಶನ.

ಮೊದಲು ಹಿನ್ನೆಲೆಯನ್ನು ತಿಳಿಯೋಣ. 1974ರಿಂದ ಜಾರಿಯಲ್ಲಿದ್ದ ಮಲ್ಟಿ ಫೈಬರ್ ಒಪ್ಪಂದದ ಪ್ರಕಾರ, ಶ್ರೀಮಂತ ರಾಷ್ಟ್ರಗಳು ಯಾವ ದೇಶದಿಂದ ಎಷ್ಟು ಬಟ್ಟೆ ಬರಬೇಕೆಂದು ಮಿತಿ ಹಾಕಬಹುದಾಗಿತ್ತು. ಈ ಮಿತಿಗೆ ಕೋಟಾ ಎಂದು ಹೆಸರು. ನಮ್ಮ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳೂ ಈ ಕೋಟಾದ ಲೆಕ್ಕದಲ್ಲಿಯೇ ಹೊರದೇಶಕ್ಕೆ ಮಾಲು ಕಳುಹಿಸುತ್ತಿದ್ದವು. 1995ರಿಂದ ಹತ್ತು ವರ್ಷಗಳಲ್ಲಿ ಕೋಟಾಗಳನ್ನು ಹಂತಹಂತವಾಗಿ ತೆಗೆಯಬೇಕೆಂದು ನಿಶ್ಚಯವಾಯಿತು. ಆದರೆ ಸುಮಾರು ಅರ್ಧ ಭಾಗವನ್ನು ಕಡೆಯ ದಿನಕ್ಕೇ ಉಳಿಸಿಕೊಂಡದ್ದರಿಂದ, 2005ರ ಜನವರಿ 1ರಂದು ಕಟ್ಟೆ ಒಡೆದಂತಾಯಿತು. ಚೀನಾದ ಉಡುಪುಗಳು ಯೂರೋಪಿನ ಪೇಟೆಗೆ ಪ್ರವಾಹದಂತೆ ಬಂದವು.

ಇಟಲಿ, ಪೋರ್ಚುಗಲ್, ಫ್ರಾನ್ಸ್ ದೇಶಗಳ ಗಿರಣಿಗಳವರು, 'ನಮ್ಮ ಕೆಲಸಗಾರರ ಗತಿಯೇನು?' ಎಂದರು. ಸ್ವೀಡನ್, ಡೆನ್ಮಾರ್ಕ್, ನೆದರ್ಲೆಂಡ್ಸ್ ದೇಶಗಳ ವರ್ತಕರು, 'ಅಗ್ಗದ ಬಟ್ಟೆಯನ್ನು ತಡೆದರೆ ಗಿರಾಕಿಗಳ ಗತಿಯೇನು?' ಎಂದರು. ಎರಡೂ ನ್ಯಾಯವಾದ ಮಾತುಗಳೇ. ಯೂರೋಪಿಯನ್ ಒಕ್ಕೂಟದ ವಾಣಿಜ್ಯ ಕಮಿಷನರಾಗಿದ್ದ ಪೀಟರ್ ಮ್ಯಾಂಡೆಲ್‌ಸನ್ ಅವರು ಜೂನ್ 10ರಂದು ಷಾಂಘೈಯಲ್ಲಿ ಚೀನಾದ ವಾಣಿಜ್ಯ ಮಂತ್ರಿ ಬೊ ಷಿಲೈ ಅವರೊಡನೆ ಒಪ್ಪಂದ ಮಾಡಿಕೊಂಡರು. ಹತ್ತು ಬಗೆಯ ಸರಕುಗಳಿಗೆ 2007ರ ಕೊನೆಯವರೆಗೆ ಮಿತಿ ಬಿತ್ತು.

ಎಷ್ಟು ಎಂಬುದು ತಿಳಿಯಿತು. ಎಲ್ಲಿಯವರೆಗೆ ಎಂಬುದೂ ತಿಳಿಯಿತು. ಆದರೆ ಆಗಲೇ ಹಣ ಕೊಟ್ಟು ತರಿಸುತ್ತಿದ್ದ ಮಾಲಿನ ಪಾಡೇನು? ಅನುಮತಿ ಪತ್ರದ ವ್ಯವಸ್ಥೆ ಜಾರಿಗೆ ಬರಲು ಜುಲೈ ಆಯಿತು. ನಡುವಿನ ದಿನಗಳಲ್ಲಿ ವರ್ತಕರು ಅವಸರದಿಂದ ಮಾಲು ತರಿಸಿದರು. ಕೆಲವು ಬಗೆಯ ಉಡುಪುಗಳ ಮಿತಿ ನೋಡನೋಡುತ್ತಲೇ ತುಂಬಿಹೋಯಿತು. ಆಗಸ್ಟ್ ವೇಳೆಗೆ ಏಳೂವರೆ ಕೋಟಿಗೂ ಹೆಚ್ಚು ಉಡುಪುಗಳು ಬಂದರುಗಳಲ್ಲಿಯೂ ಉಗ್ರಾಣಗಳಲ್ಲಿಯೂ ಕೊಳೆಯತೊಡಗಿದವು. ಚಳಿಗಾಲದ ಸ್ವೆಟರುಗಳು ಚಳಿಗಾಲ ಕಳೆದ ಮೇಲೆ ಬಂದು ಫಲವೇನು?

ಬ್ರಸೆಲ್ಸ್ ನಗರದಲ್ಲಿ ಕಮಿಷನ್ನಿನ ವಕ್ತಾರರು ಕೆಲಸದ ದಿನಗಳಲ್ಲಿ ಮಧ್ಯಾಹ್ನ ಪತ್ರಕರ್ತರನ್ನು ಎದುರಿಸುವ ಪದ್ಧತಿಯುಂಟು. ಅಲ್ಲಿ ಉತ್ತರ ಕೊಡುವುದು ಸುಲಭವಲ್ಲ. 'ಮಾಲನ್ನು ಬಿಡುತ್ತೇವೆ' ಎಂದರೆ ಗಿರಣಿಯವರು ರೇಗುತ್ತಾರೆ. 'ಬಿಡುವುದಿಲ್ಲ' ಎಂದರೆ ಅಂಗಡಿಯವರು ದಿವಾಳಿ ಎನ್ನುತ್ತಾರೆ. ಸಂಧಾನಕ್ಕೆ ಮೊದಲೇ ಎಲ್ಲವನ್ನೂ ಹೇಳಿದರೆ ಚೀನಾದವರ ಮುಂದೆ ಕೈ ಬರಿದಾಗುತ್ತದೆ. ಸಾಲದುದಕ್ಕೆ ಆಗ ಒಕ್ಕೂಟದಲ್ಲಿದ್ದದ್ದು 25 ರಾಷ್ಟ್ರಗಳು. ಅವುಗಳ ಮಂತ್ರಿಗಳೂ ಪರಸ್ಪರ ವಿರುದ್ಧವಾಗಿ ಹೇಳಿಕೆ ಕೊಡುತ್ತಿದ್ದರು. ಬ್ರಿಟನ್ನಿನ ಪತ್ರಿಕೆಗಳಂತೂ ಇದನ್ನು 'ಬ್ರಾ ಯುದ್ಧ' ಎಂದು ಕರೆದು ನಗೆಪಾಟಲು ಮಾಡಿದವು. ಕೊನೆಗೆ ಮ್ಯಾಂಡೆಲ್‌ಸನ್ ಅವರು, ತಡೆದ ಮಾಲನ್ನು ಬಿಡುವುದೇ ಸರಿ ಎಂದು ಬಹಿರಂಗವಾಗಿಯೇ ವಾದಿಸಬೇಕಾಯಿತು. ಸೆಪ್ಟೆಂಬರ್ 5ರಂದು ಬೀಜಿಂಗಿನಲ್ಲಿ ರಾಜಿಯಾಯಿತು. ಅರ್ಧದಷ್ಟನ್ನು ಯೂರೋಪು ಹಾಗೆಯೇ ಒಳಗೆ ಬಿಟ್ಟುಕೊಂಡಿತು. ಉಳಿದರ್ಧವನ್ನು ಚೀನಾದ ಕೋಟಾದ ಲೆಕ್ಕಕ್ಕೇ ಹೊಂದಿಸಲಾಯಿತು.

ಇದರಿಂದ ನಾವು ಅರಿಯಬೇಕಾದುದೇನು? ಆಮದಿಗೆ ಮಿತಿ ಹಾಕುವುದು ತಪ್ಪೋ ಸರಿಯೋ ಎಂಬ ಚರ್ಚೆ ಎಂದಿಗೂ ಇದ್ದದ್ದೇ. ಆದರೆ ಮಿತಿಯನ್ನು ಸಾರುವ ದಿನವೇ ಅದರ ಪೂರ್ತಿ ಲೆಕ್ಕವನ್ನು ಜನರಿಗೆ ಹೇಳಿದ ಸರ್ಕಾರಕ್ಕೆ ಮುಂದೆ ನೆಪ ಹುಡುಕುವ ಕಷ್ಟ ಕಡಿಮೆ. ಇನ್ನು ಮುಂದೆ ರೇಡಿಯೋ ವಾರ್ತೆಯಲ್ಲಿ ಇಂಥ ನಿರ್ಬಂಧದ ಸುದ್ದಿ ಬಂದಾಗ ಕೇಳುಗರು ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು: ಎಷ್ಟು? ಎಲ್ಲಿಯವರೆಗೆ? ದಾರಿಯಲ್ಲಿರುವ ಮಾಲಿನ ಗತಿಯೇನು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ, ಸುದ್ದಿ ಇನ್ನೂ ಮುಗಿದಿಲ್ಲವೆಂದೇ ತಿಳಿಯಬೇಕು.