ಮಾರಾಟವಾಗದ ನೇಗಿಲು

ನಮ್ಮ ಹೊಲದ ಬಾವಿಯ ಪಂಪಿನ ಮೇಲೆ ‘ಕಿರ್ಲೋಸ್ಕರ್’ ಅಂತ ಬರೆದಿರುವುದನ್ನು ಓದುತ್ತಲೇ ಬೆಳೆದವನು ನಾನು. ಅದು ಒಂದು ಮನೆತನದ ಹೆಸರು, ಆ ಕಾರಖಾನೆ ಕಟ್ಟಿದವರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು ಎಂದು ತಿಳಿದದ್ದು ಮಾತ್ರ ಮುಂಬೈಗೆ ಬಂದು ಕಾಮರ್ಸ್ ಓದತೊಡಗಿದ ಮೇಲೆ. ಹೋದ ವರ್ಷ ನಮ್ಮ ತಂದೆಯವರು ಊರಿನಲ್ಲಿ ಬಟ್ಟೆ ಅಂಗಡಿ ಮುಚ್ಚಿದರು. ‘ವ್ಯಾಪಾರ ನಮ್ಮ ಹಣೆಯಲ್ಲಿ ಬರೆದಿಲ್ಲ’ ಅಂತ ಮನೆಯವರೆಲ್ಲ ಅಂದರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಅದಕ್ಕೇ ಲಕ್ಷ್ಮಣರಾವ್ ಕಿರ್ಲೋಸ್ಕರರ ಗೆಲುವನ್ನು ಬದಿಗಿಟ್ಟು ಅವರ ಸೋಲುಗಳ ಲೆಕ್ಕ ತೆಗೆದು ನೋಡಿದೆ.

ಅವರು ಹುಟ್ಟಿದ್ದು 1869ರಲ್ಲಿ. ಚಿತ್ರಕಾರನಾಗಬೇಕೆಂದು ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯದೆ ಅದನ್ನು ಬಿಡಬೇಕಾಯಿತು. ಯಂತ್ರದ ನಕ್ಷೆಗೆ ಬಣ್ಣ ಬೇಡವಲ್ಲ! ಅದನ್ನು ಕಲಿತು ವಿ.ಜೆ.ಟಿ.ಐ.ಯಲ್ಲಿ ಮಾಸ್ತರರಾದರು. (ನಾವು ದಿನಾ ಲೋಕಲ್ ಹಿಡಿಯುವ ಮಾಟುಂಗಾಕ್ಕೆ ಆ ಸಂಸ್ಥೆ ಬಂದದ್ದು 1923ರಲ್ಲಿ, ಆಗ ಅದು ಭಾಯಖಳಾದಲ್ಲಿತ್ತು.) ಮುಂದೆ ತಮಗೆ ಸಿಗಬೇಕಾದ ಬಡ್ತಿ ಬೇರೊಬ್ಬರ ಪಾಲಾದಾಗ ನೌಕರಿ ಬಿಟ್ಟು ಬೆಳಗಾವಿಗೆ ನಡೆದರು. ಅಲ್ಲಿ ಅಣ್ಣನ ಜೊತೆಗೂಡಿ 1888ರಲ್ಲೇ ಸೈಕಲ್ ವ್ಯಾಪಾರ ಶುರುಮಾಡಿದ್ದರು.

ಆಮೇಲೆ ಮೇವು ಕತ್ತರಿಸುವ ಯಂತ್ರ, ಅದರ ಹಿಂದೆ ಕಬ್ಬಿಣದ ನೇಗಿಲು. ನಿಜವಾದ ಕಥೆ ಇಲ್ಲಿದೆ ನೋಡಿ. ನಮ್ಮ ಕಡೆಯ ಮರದ ರಂಟೆ ಮಣ್ಣನ್ನು ಗೀರುತ್ತದೆ. ಕಬ್ಬಿಣದ ನೇಗಿಲು ಆಳಕ್ಕೆ ಹೋಗಿ ಮಣ್ಣನ್ನು ಮಗುಚಿ ಹಾಕುತ್ತದೆ, ಕಳೆಯ ಬೇರು ಮೇಲೆ ಬಂದು ಒಣಗುತ್ತದೆ. ಆದರೂ ರೈತರು ಹತ್ತಿರ ಬರಲಿಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ. ಮರದ ರಂಟೆಯ ಗುಳವೂ ಕಬ್ಬಿಣದ್ದೇ ಅಲ್ಲವೇ ಅಂತ ನಾವು ಈಗ ನಗಬಹುದು. ಆದರೆ ಒಂದು ಬೆಳೆ ಕೈಕೊಟ್ಟರೆ ವರ್ಷದ ಊಟವೇ ಹೋಗುವವನು ಹೊಸ ಸಾಮಾನನ್ನು ತನ್ನ ಹೊಲದಲ್ಲಿ ಏಕೆ ಪರೀಕ್ಷೆ ಮಾಡಬೇಕು? ನನಗೇನೋ ರೈತರದು ತಪ್ಪು ಅನ್ನಿಸುವುದಿಲ್ಲ. ಅಂತೂ ಮೊದಲ ನೇಗಿಲು ಮಾರಾಟವಾಗಲು ಸುಮಾರು ಎರಡು ವರ್ಷ ಹಿಡಿಯಿತು.

ಇನ್ನೇನು ಕೈಹಿಡಿಯಿತು ಅನ್ನುವಾಗ ಊರು ಬೆಳೆಸಲು ಜಾಗ ಬೇಕೆಂದು ಬೆಳಗಾವಿಯಲ್ಲಿ ಅವರ ಕಾರಖಾನೆಯನ್ನು ಎಬ್ಬಿಸಿದರು. ಆಗ ಕೈಹಿಡಿದವರು ಔಂಧ ಸಂಸ್ಥಾನದ ರಾಜರು. ಹತ್ತು ಸಾವಿರ ರೂಪಾಯಿ ಸಾಲ, ಕುಂಡಲ್ ರೋಡ್ ಸ್ಟೇಷನ್ನಿನ ಹತ್ತಿರ 32 ಎಕರೆ ನೆಲ ಕೊಟ್ಟರು. ನೆಲವೋ ಪಾಪಾಸುಕಳ್ಳಿ, ನಾಗರಹಾವುಗಳ ಬೀಡು. ಅಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಮುಂದಿನದು ನಿಮಗೂ ಗೊತ್ತು: ಪಂಪುಗಳು ಬಂದವು, 1941ರಲ್ಲಿ ನಮ್ಮ ಹರಿಹರದಲ್ಲಿ ಲೇತ್ ಯಂತ್ರಗಳ ಮೈಸೂರು ಕಿರ್ಲೋಸ್ಕರ್ ಬಂತು. ಅವರು ತೀರಿಕೊಂಡದ್ದು 1956ರಲ್ಲಿ.

ಎಲ್ಲರೂ ಅವರ ಛಲವನ್ನೇ ಹೊಗಳುತ್ತಾರೆ. ಛಲ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಅಕೌಂಟೆನ್ಸಿಯ ಕಣ್ಣಿನಿಂದ ನೋಡಿದರೆ, ಮಾರಾಟವಾಗದ ನೇಗಿಲು ಅಂದರೆ ಮೂಲೆಯಲ್ಲಿ ಕೂತ ದುಡ್ಡು. ಆ ದುಡ್ಡು ಏಳುವ ತನಕ ತಡೆದುಕೊಳ್ಳಲು ಬೇರೆ ಆಸರೆ ಬೇಕು. ಅವರ ಕೈಯಲ್ಲಿ ನೇಗಿಲೊಂದೇ ಇರಲಿಲ್ಲ. ಜಾಗ ಹೋದಾಗ ಕಾಯಲು ಒಪ್ಪುವ ಸಾಲಗಾರನೂ ಸಿಕ್ಕ. ನಮ್ಮ ತಂದೆಯವರ ಅಂಗಡಿಯಲ್ಲಿ ಇದ್ದದ್ದು ಬಟ್ಟೆ ಮಾತ್ರ. ದೀಪಾವಳಿಯ ಮಾಲು ಉಳಿಯಿತು, ಸಗಟು ವ್ಯಾಪಾರಿ ಯುಗಾದಿಯವರೆಗೂ ಕಾಯಲಿಲ್ಲ.

ರಜೆಗೆ ಹೋದಾಗ ಇದೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪ ಕೇಳಿದ್ದು ಒಂದೇ: ‘ಆ ಎರಡು ವರ್ಷ ಅವರ ಮನೆ ಹೆಂಗ ನಡೀತೋ?’ ಸೈಕಲ್ಲಿನ, ಮೇವಿನ ಯಂತ್ರದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಟ್ಟದ ಮೇಲಿನ ಹಳೆ ಖಾತೆ ಪುಸ್ತಕ ಇಳಿಸು ಅಂದರು.