ತಿರ್ಲಾಪುರದಿಂದ ಧಾರವಾಡಕ್ಕೆ: ಮಾತ್ರೆ ಪುಕ್ಕಟೆ, ದಾರಿ ದುಬಾರಿ

ನವಲಗುಂದ ತಾಲ್ಲೂಕಿನ ತಿರ್ಲಾಪುರದಿಂದ ಮಾನಸಿಕ ರೋಗಿಯೊಬ್ಬರನ್ನು ತಿಂಗಳಿಗೊಮ್ಮೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ತೋರಿಸಿ ತರಬೇಕೆಂದರೆ ವರ್ಷಕ್ಕೆ 12 ಓಡಾಟ. ರೋಗಿಯೊಂದಿಗೆ ಮನೆಯವರೊಬ್ಬರು ಹೋಗಲೇಬೇಕು. ಅಲ್ಲಿಗೆ 24 ಆಳಿನ ಕೂಲಿ ಹೋಯಿತು. 2025–26ರ ಉದ್ಯೋಗ ಖಾತ್ರಿ ದರ 370 ರೂಪಾಯಿಯಂತೆ 8,880 ರೂಪಾಯಿ. ಹೆಂಗಸರಿಗೆ ಬಸ್ ಪುಕ್ಕಟೆ ಮಾಡಿದ ಶಕ್ತಿ ಯೋಜನೆಯಿಂದ ಜೊತೆಗೆ ಹೋಗುವ ಅವ್ವನ ಟಿಕೆಟ್ ಉಳಿದೀತು; ರೋಗಿ ಮಗನದು ಉಳಿಯದು.

ಆಸ್ಪತ್ರೆಯ ಲೆಕ್ಕ

ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗ, 1845ರಲ್ಲಿ ಶುರುವಾದ ಆಸ್ಪತ್ರೆಯಿದು. ಬೆಂಗಳೂರಿನ ಮಾನಸಿಕ ಆಸ್ಪತ್ರೆ 1974ರಲ್ಲೇ ನಿಮ್ಹಾನ್ಸ್ ಆಯಿತು. ಧಾರವಾಡದ್ದು ಡಿಮ್ಹಾನ್ಸ್ ಆಗಿದ್ದು 2000ದ ನಂತರ, ಅದೂ ಹೈಕೋರ್ಟ್ ಸರ್ಕಾರದ ಕಿವಿ ಹಿಂಡಿದ ಮೇಲೆ. ದೇಶದ ಸ್ಥಿತಿಯೂ ಚೆನ್ನಾಗಿರಲಿಲ್ಲ. 37 ಆಸ್ಪತ್ರೆಗಳನ್ನು ನೋಡಿದ್ದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 1999ರ ವರದಿ, ಶೇ 38ರಷ್ಟು ಆಸ್ಪತ್ರೆಗಳು ಇನ್ನೂ ಜೈಲಿನಂತಿವೆ ಎಂದಿತ್ತು. 2001ರಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿ ಬಿಗಿದಿದ್ದ 28 ರೋಗಿಗಳು ಬೆಂಕಿಗೆ ಬಲಿಯಾದರು. ಸರಪಳಿಯನ್ನು ಪೂರ್ತಿ ನಿಷೇಧಿಸುವ ಕಾಯ್ದೆ ಬಂದದ್ದು 2017ರಲ್ಲಿ.

ಊರಿನ ಲೆಕ್ಕ

ಇದೆಲ್ಲ ಗೋಡೆಯೊಳಗಿನ ಮಾತಾಯಿತು. ಆದರೆ ಹೆಚ್ಚಿನ ರೋಗಿಗಳು ಗೋಡೆಯ ಹೊರಗಿದ್ದಾರೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಪ್ರತಿ 1,000 ವಯಸ್ಕರಲ್ಲಿ 106 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. 8 ಮಂದಿಗೆ ತೀವ್ರ ಕಾಯಿಲೆ. ಆ 8ರಲ್ಲಿ ಸುಮಾರು 6 ಮಂದಿಗೆ ಚಿಕಿತ್ಸೆಯೇ ಇಲ್ಲ. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಕೋಲಾರದಲ್ಲಿ ಪ್ರಾಯೋಗಿಕ ಅಧ್ಯಯನವಷ್ಟೇ ಆಗಿತ್ತು.

ಚಿಕಿತ್ಸೆ, ಪ್ರಯಾಣಕ್ಕೆ ಕುಟುಂಬವೊಂದು ತಿಂಗಳಿಗೆ 1,000ದಿಂದ 1,500 ರೂಪಾಯಿ ಕಳೆಯುತ್ತದೆ ಎಂದೂ ಅದೇ ಸಮೀಕ್ಷೆ ಹೇಳಿತ್ತು. ಅಂದರೆ ವರ್ಷಕ್ಕೆ 12,000ದಿಂದ 18,000. ಆಗ ರಾಜ್ಯದ ಖಾತ್ರಿ ಕೂಲಿ 204 ರೂಪಾಯಿ. 100 ದಿನದ ಖಾತ್ರಿ ಕೆಲಸದಲ್ಲಿ 59ರಿಂದ 88 ದಿನದ ದುಡಿಮೆ ಈ ಒಂದೇ ಬಾಬತ್ತಿಗೆ ಹೋಗುತ್ತಿತ್ತು.

ಅರ್ಧಕ್ಕಿಳಿಯುವ ಬಗೆ

ಅಗತ್ಯ ಔಷಧಗಳು ಸರ್ಕಾರಿ ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಆಸ್ಪತ್ರೆಗಳಲ್ಲೂ ಸದಾ ಪುಕ್ಕಟೆ ಸಿಗಬೇಕು ಎನ್ನುತ್ತದೆ ಸರಪಳಿ ನಿಷೇಧಿಸಿದ ಅದೇ 2017ರ ಕಾಯ್ದೆಯ 18ನೇ ಕಲಂ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ರಾಜ್ಯದಲ್ಲಿದೆ.

ಧಾರವಾಡಕ್ಕೆ ಮೂರು ತಿಂಗಳಿಗೊಮ್ಮೆ ಮಾತ್ರ ಹೋಗಿ, ಉಳಿದ 8 ತಿಂಗಳ ಮಾತ್ರೆಯನ್ನು ಮನೆಯವರೊಬ್ಬರು ಅರ್ಧ ದಿನದಲ್ಲಿ ನವಲಗುಂದದಿಂದ ತರುವಂತಾದರೆ 24 ಆಳಿನ ಬದಲು 12 ಆಳು ಸಾಕು. 8,880 ಇದ್ದದ್ದು 4,440 ಆಗುತ್ತದೆ. ಅದಕ್ಕೆ ಹೊಸ ಕಟ್ಟಡ ಬೇಡ. ತಾಲ್ಲೂಕಿನ ಔಷಧ ಕಪಾಟು ಖಾಲಿ ಬೀಳದಿದ್ದರೆ ಸಾಕು.